ಮೂಳೆಯಲ್ಲಿ ಕಾಯಿಲೆ ಹುಡುಕಿದ ವೈದ್ಯ: ಆಂಡ್ರ್ಯೂ ಸ್ಟಿಲ್ ಮತ್ತು ಅಮೆರಿಕದ 'ಡಿ.ಓ.' ಡಾಕ್ಟರುಗಳು

ಅಮೆರಿಕದಲ್ಲಿರುವ ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಹೋದ ಅಪ್ಪನಿಗೆ ಅಲ್ಲಿ ಸೊಂಟನೋವು ಶುರುವಾಗುತ್ತದೆ ಎಂದುಕೊಳ್ಳಿ. ಮಗಳು ಹತ್ತಿರದ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುತ್ತಾಳೆ. ಅಲ್ಲಿನ ಬೋರ್ಡಿನಲ್ಲಿ ಡಾಕ್ಟರ ಹೆಸರಿನ ಮುಂದೆ 'ಎಂ.ಡಿ.' ಎಂದಿರುವುದಿಲ್ಲ, 'ಡಿ.ಓ.' ಎಂದಿರುತ್ತದೆ. ನಮ್ಮಲ್ಲಿ ಡಿ.ಓ. ಎಂದರೆ ಕಣ್ಣಿನ ಡಾಕ್ಟರ ಡಿಪ್ಲೊಮಾ. ಸೊಂಟನೋವಿಗೆ ಕಣ್ಣಿನ ಡಾಕ್ಟರೇ? ಮೊಬೈಲಿನಲ್ಲಿ ಹುಡುಕಿದರೆ 'ಆಸ್ಟಿಯೋಪಥಿ' ಎಂಬ ಪದ ಸಿಗುತ್ತದೆ. ಇನ್ನಷ್ಟು ಹುಡುಕಿದರೆ ಒಂದು ಕಡೆ ಅದು ಪೂರ್ಣ ಪ್ರಮಾಣದ ವೈದ್ಯಕೀಯ ಎಂದೂ ಇನ್ನೊಂದು ಕಡೆ ಅದು ಹುಸಿವಿಜ್ಞಾನ ಎಂದೂ ಬರೆದಿರುತ್ತದೆ.

ಯಾವುದನ್ನು ನಂಬುವುದು? ವಿಚಿತ್ರವೆಂದರೆ, ಎರಡೂ ಮಾತಿನಲ್ಲಿ ಸತ್ಯವಿದೆ. ಅದು ಹೇಗೆ ಎಂದು ಅರ್ಥವಾಗಬೇಕಾದರೆ ಆಸ್ಟಿಯೋಪಥಿಯನ್ನು ಹುಟ್ಟುಹಾಕಿದ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬಾತನ ಬದುಕನ್ನು ನೋಡಬೇಕು.

ಪಾದ್ರಿಯೂ ವೈದ್ಯನೂ ಆಗಿದ್ದ ಅಪ್ಪನ ಮಗ

ಸ್ಟಿಲ್ ಹುಟ್ಟಿದ್ದು 1828ರ ಆಗಸ್ಟ್ 6ರಂದು, ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ. ಅಪ್ಪ ಏಬ್ರಮ್ ಸ್ಟಿಲ್ ಮೆಥಡಿಸ್ಟ್ ಪಾದ್ರಿ. ಆ ಕಾಲದ ಅನೇಕ ಪಾದ್ರಿಗಳಂತೆ ಊರೂರು ಸುತ್ತುತ್ತಾ ಪ್ರಾರ್ಥನೆಯ ಜೊತೆಗೆ ಔಷಧವನ್ನೂ ಕೊಡುತ್ತಿದ್ದರು. ಸಂಸಾರ ವರ್ಜೀನಿಯಾದಿಂದ ಟೆನೆಸಿಗೆ, ಅಲ್ಲಿಂದ 1837ರಲ್ಲಿ ಮಿಸ್ಸೌರಿಗೆ ಹೋಯಿತು. ಏಬ್ರಮ್ ಗುಲಾಮಗಿರಿಯ ಕಡು ವಿರೋಧಿ. ಮಿಸ್ಸೌರಿಯಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿದ್ದುದರಿಂದ ಅಲ್ಲಿ ಅವರಿಗೆ ನೆಮ್ಮದಿಯಿರಲಿಲ್ಲ. ಮುಂದೆ ಅವರು ಕ್ಯಾನ್ಸಸ್ ಪ್ರಾಂತ್ಯದಲ್ಲಿ ಶಾನೀ ಬುಡಕಟ್ಟಿನ ಜನರ ನಡುವೆ ಇದ್ದ ಮಿಷನ್ನಿಗೆ ಹೋದರು. ಮದುವೆಯಾಗಿದ್ದ ಆಂಡ್ರ್ಯೂ ಕೂಡ 1853ರಲ್ಲಿ ಅಲ್ಲಿಗೆ ಹೋಗಿ, ಹೊಲ ಉಳುತ್ತಲೇ ಅಪ್ಪನಿಂದ ವೈದ್ಯ ಕಲಿತ.

ಆಗ ಡಾಕ್ಟರಾಗಲು ಕಾಲೇಜಿಗೇ ಹೋಗಬೇಕೆಂದೇನೂ ಇರಲಿಲ್ಲ. ಅನುಭವಿ ವೈದ್ಯರೊಬ್ಬರ ಜೊತೆ ಓಡಾಡಿ, ಕೆಲವು ಪುಸ್ತಕ ಓದಿ, ಕೆಲಸ ಶುರು ಮಾಡಿದರೆ ಆಯಿತು. ಸ್ಟಿಲ್ ಅಂಗರಚನೆಯನ್ನು ಕಲಿತದ್ದು ಮಾತ್ರ ಇನ್ನೊಂದು ದಾರಿಯಲ್ಲಿ. ಆತ ಮೂಲನಿವಾಸಿಗಳ ಗೋರಿಗಳನ್ನು ಅಗೆದು, ಮೂಳೆಗಳನ್ನು ತೆಗೆದು, ಒಂದೊಂದನ್ನೂ ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿದ. ಇದನ್ನು ಆತನೇ ಆತ್ಮಕಥೆಯಲ್ಲಿ ಸಂಕೋಚವಿಲ್ಲದೆ ಬರೆದುಕೊಂಡಿದ್ದಾನೆ. ಆ ಕಾಲದ ಬಿಳಿಯರಿಗೆ ಅದು ತಪ್ಪೆನಿಸಿರಲಿಕ್ಕಿಲ್ಲ. ಆದರೆ ಆ ಮೂಳೆಗಳು ಯಾರದೋ ಅಜ್ಜ, ಅಜ್ಜಿಯರದಾಗಿದ್ದವು ಎಂಬುದನ್ನು ಇಂದು ನಾವು ಮರೆಯುವಂತಿಲ್ಲ.

ಅಂದಿನ ಔಷಧಗಳು ಹೇಗಿದ್ದವು?

ಸ್ಟಿಲ್‌ನ ಸಿಟ್ಟು ಅರ್ಥವಾಗಬೇಕಾದರೆ ಅಂದಿನ ಔಷಧದ ಪೆಟ್ಟಿಗೆಯೊಳಗೆ ಇಣುಕಬೇಕು. ಅಲ್ಲಿ ಮುಖ್ಯವಾಗಿದ್ದದ್ದು ಕ್ಯಾಲೊಮೆಲ್, ಅಂದರೆ ಪಾದರಸದ ಒಂದು ಲವಣ. ಜ್ವರಕ್ಕೂ ಅದೇ, ಭೇದಿಗೂ ಅದೇ. ಜೊಲ್ಲು ಧಾರಾಕಾರವಾಗಿ ಸುರಿಯುವವರೆಗೆ ಅದನ್ನು ಕೊಡುತ್ತಿದ್ದರು. ಅದು ಪಾದರಸದ ವಿಷವೇರಿದ ಲಕ್ಷಣ, ಔಷಧ ಕೆಲಸ ಮಾಡಿದ್ದರ ಗುರುತಲ್ಲ ಎಂಬುದು ಇಂದು ನಮಗೆ ಗೊತ್ತು. ರೋಗಿಗಳ ಹಲ್ಲು ಉದುರುತ್ತಿದ್ದವು, ವಸಡು ಕೊಳೆಯುತ್ತಿತ್ತು. ಇದರ ಜೊತೆಗೆ ಅಫೀಮು, ಸಾರಾಯಿ, ವಾಂತಿ ಮಾಡಿಸುವ ಮತ್ತು ಭೇದಿ ಮಾಡಿಸುವ ಮದ್ದುಗಳು, ಮೈಯಿಂದ ರಕ್ತ ತೆಗೆಯುವುದು. ಕಾಯಿಲೆ ಸೂಕ್ಷ್ಮಜೀವಿಗಳಿಂದ ಬರುತ್ತದೆ ಎಂಬ ತಿಳಿವಳಿಕೆ ಇನ್ನೂ ಗಟ್ಟಿಯಾಗಿರಲಿಲ್ಲ.

ಅಂದರೆ, ಡಾಕ್ಟರರ ಬಳಿ ಹೋಗದೆ ಮನೆಯಲ್ಲೇ ಮಲಗಿದ ರೋಗಿ ಎಷ್ಟೋ ಸಲ ಹೆಚ್ಚು ಸುರಕ್ಷಿತವಾಗಿದ್ದ ಕಾಲ ಅದು. ಔಷಧಗಳ ಮೇಲೆ ಸ್ಟಿಲ್‌ಗೆ ಅನುಮಾನ ಹುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

1864: ಮನೆ ಬರಿದಾದ ವರ್ಷ

1859ರಲ್ಲಿ ಸ್ಟಿಲ್‌ನ ಮೊದಲ ಹೆಂಡತಿ ಮೇರಿ ಹೆರಿಗೆಯ ಬಳಿಕ ತೀರಿಕೊಂಡಳು. ಮರುವರ್ಷ ಆತ ಮೇರಿ ಎಲ್ವೈರಾ ಟರ್ನರ್‌ಳನ್ನು ಮದುವೆಯಾದ. ಅಷ್ಟರಲ್ಲಿ ಆತ ಗುಲಾಮಗಿರಿಯ ವಿರುದ್ಧದ ಹೋರಾಟದಲ್ಲಿ ಧುಮುಕಿ, ಕ್ಯಾನ್ಸಸ್ ಪ್ರಾಂತ್ಯದ ಶಾಸನಸಭೆಗೂ ಆರಿಸಿ ಬಂದಿದ್ದ. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಉತ್ತರದವರ ಪರವಾಗಿ ಸೇನೆಗೆ ಸೇರಿದ. ಯುದ್ಧಭೂಮಿಯಲ್ಲಿ ಗುಂಡಿಗಿಂತ ಭೇದಿ, ಟೈಫಾಯ್ಡ್‌ಗಳಿಗೆ ಸತ್ತವರೇ ಹೆಚ್ಚು. ಅಲ್ಲಿ ಅಫೀಮು, ಸಾರಾಯಿಗಳ ಚಟ ಹತ್ತಿಸಿಕೊಂಡವರನ್ನೂ ಆತ ಕಂಡ.

1864ರಲ್ಲಿ ಆ ಭಾಗಕ್ಕೆ ಮೆನಿಂಜೈಟಿಸ್ ಬಂತು. ಇದು ಮಿದುಳು ಮತ್ತು ಬೆನ್ನುಹುರಿಯ ಹೊದಿಕೆಗೆ ಸೋಂಕು ತಗುಲುವ ಕಾಯಿಲೆ. ಸ್ಟಿಲ್‌ನ ಮನೆಯ ಮೂವರು ಮಕ್ಕಳು ಅದಕ್ಕೆ ಬಲಿಯಾದರು. ತಾನೇ ವೈದ್ಯನಾಗಿದ್ದರೂ ಸ್ಟಿಲ್ ಊರಿನ ಒಳ್ಳೆಯ ಡಾಕ್ಟರುಗಳನ್ನು ಕರೆಸಿದ್ದ, ಪಾದ್ರಿಗಳನ್ನೂ ಕರೆಸಿದ್ದ. ಅವರು ತಮ್ಮಿಂದ ಆದದ್ದನ್ನೆಲ್ಲ ಮಾಡಿದರು. ಏನೂ ಪ್ರಯೋಜನವಾಗಲಿಲ್ಲ. ಸ್ವಲ್ಪ ದಿನಗಳಲ್ಲೇ ಇನ್ನೊಂದು ಹೆಣ್ಣುಮಗು ನ್ಯುಮೋನಿಯಾದಿಂದ ಹೋಯಿತು.

ಸ್ಟಿಲ್ ಆ ಡಾಕ್ಟರುಗಳನ್ನು ದೂರಲಿಲ್ಲ. ಅವರ ಬಳಿ ಇದ್ದ ಔಷಧಗಳೇ ಕೆಲಸಕ್ಕೆ ಬಾರದವು ಎಂದು ತೀರ್ಮಾನಿಸಿದ. ಮನುಷ್ಯನ ಶರೀರವನ್ನು ದೇವರು ಮಾಡಿದ್ದೇ ಆದರೆ, ಗುಣವಾಗುವುದಕ್ಕೆ ಬೇಕಾದದ್ದನ್ನೂ ಒಳಗೇ ಇಟ್ಟಿರಬೇಕಲ್ಲವೇ ಎಂಬ ಪ್ರಶ್ನೆ ಆತನನ್ನು ಹಿಡಿದುಕೊಂಡಿತು.

ಕೈಯೇ ಔಷಧ

ಸ್ಟಿಲ್‌ಗೆ ಯಂತ್ರಗಳೆಂದರೆ ಪ್ರೀತಿ. ಬೆಣ್ಣೆ ಕಡೆಯುವ ಯಂತ್ರವನ್ನು ಸುಧಾರಿಸುವುದರಲ್ಲೂ ಆತ ಕೈಯಾಡಿಸಿದ್ದ. ಶರೀರವನ್ನೂ ಹಾಗೇ ನೋಡಿದ. ಮೂಳೆ, ಅದರಲ್ಲೂ ಬೆನ್ನುಮೂಳೆ, ಚೂರು ಜಾಗ ತಪ್ಪಿದರೆ ರಕ್ತನಾಳ ಮತ್ತು ನರಗಳ ಮೇಲೆ ಒತ್ತಡ ಬೀಳುತ್ತದೆ. ರಕ್ತ ಸರಿಯಾಗಿ ಹರಿಯದ ಕಡೆ ಕಾಯಿಲೆ ಹುಟ್ಟುತ್ತದೆ. ಮೂಳೆಯನ್ನು ಕೈಯಿಂದ ಸರಿಮಾಡಿ ರಕ್ತದ ದಾರಿ ತೆರವು ಮಾಡಿದರೆ ಶರೀರ ತಾನೇ ಗುಣವಾಗುತ್ತದೆ. ಇದು ಆತನ ಸಿದ್ಧಾಂತದ ಸಾರ. ಹುಡುಗನಾಗಿದ್ದಾಗ ಒಮ್ಮೆ ತಲೆನೋವು ಬಂದು, ಎರಡು ಮರಗಳ ನಡುವೆ ಕಟ್ಟಿದ ಹಗ್ಗದ ಮೇಲೆ ಕತ್ತು ಆನಿಸಿ ಮಲಗಿದಾಗ ನೋವು ಹೋದದ್ದನ್ನು ಆತ ಇದರ ಮೊದಲ ಪಾಠವೆಂದು ನೆನೆಯುತ್ತಿದ್ದ.

1874ರ ಜೂನ್ 22ನ್ನು ಸ್ಟಿಲ್ ತನ್ನ ಹೊಸ ಪದ್ಧತಿಯ ಹುಟ್ಟಿದ ದಿನವೆಂದು ಗುರುತಿಸಿದ. ಅದನ್ನು ಕ್ಯಾನ್ಸಸ್‌ನ ಬೇಕರ್ ವಿಶ್ವವಿದ್ಯಾಲಯದಲ್ಲಿ ವಿವರಿಸುತ್ತೇನೆ ಎಂದು ಕೇಳಿಕೊಂಡ. ಆ ವಿದ್ಯಾಸಂಸ್ಥೆ ಕಟ್ಟುವುದಕ್ಕೆ ಸ್ಟಿಲ್ ಸಂಸಾರವೇ ಜಾಗ ಕೊಟ್ಟು ನೆರವಾಗಿತ್ತು. ಆದರೂ ಬಾಗಿಲು ತೆರೆಯಲಿಲ್ಲ. ಕೈಯಿಟ್ಟು ಗುಣಪಡಿಸುತ್ತೇನೆ ಎನ್ನುವುದು ಕೆಲವರಿಗೆ ಹುಚ್ಚಾಗಿ ಕಂಡಿತು, ಇನ್ನು ಕೆಲವರಿಗೆ ಸೈತಾನನ ಕೆಲಸವಾಗಿ ಕಂಡಿತು. ಸ್ಟಿಲ್ ಮಿಸ್ಸೌರಿಗೆ ಮರಳಿ, 1875ರಲ್ಲಿ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದ. ಹೊಟ್ಟೆಪಾಡಿಗಾಗಿ ಊರೂರು ತಿರುಗಿದ. ಒಮ್ಮೆ ತನ್ನನ್ನು ಅಯಸ್ಕಾಂತ ಚಿಕಿತ್ಸಕ ಎಂದು ಕರೆದುಕೊಂಡ, ಇನ್ನೊಮ್ಮೆ ಮಿಂಚಿನ ವೇಗದ ಮೂಳೆ ವೈದ್ಯ ಎಂದು. 1880ರ ದಶಕದಲ್ಲಿ ತನ್ನ ಪದ್ಧತಿಗೆ ಆಸ್ಟಿಯೋಪಥಿ ಎಂಬ ಹೆಸರು ಕಟ್ಟಿದ. 'ಆಸ್ಟಿಯೋ' ಎಂದರೆ ಗ್ರೀಕ್‌ನಲ್ಲಿ ಮೂಳೆ.

ಜನ ಯಾಕೆ ಬಂದರು?

ನಿಧಾನವಾಗಿ ಕರ್ಕ್ಸ್‌ವಿಲ್‌ಗೆ ರೈಲುಗಳಲ್ಲಿ ರೋಗಿಗಳು ಬರತೊಡಗಿದರು. ಅವರಿಗಾಗಿ ಊರಿನಲ್ಲಿ ಹೋಟೆಲುಗಳು ಎದ್ದವು. ಅದಕ್ಕೆ ಸ್ಟಿಲ್‌ನ ಸಿದ್ಧಾಂತ ನಿಜವಾಗಿದ್ದದ್ದೇ ಕಾರಣವೇ? ಅಲ್ಲ. ಕಾರಣಗಳು ಬೇರೆ ಇದ್ದವು.

ಮೊದಲನೆಯದು, ಆತ ಪಾದರಸ ಕೊಡುತ್ತಿರಲಿಲ್ಲ. ಆ ಕಾಲದಲ್ಲಿ ಹಾನಿ ಮಾಡದಿರುವುದೇ ದೊಡ್ಡ ಚಿಕಿತ್ಸೆ. ಎರಡನೆಯದು, ಸೊಂಟ, ಕತ್ತು, ಭುಜಗಳ ನೋವಿಗೆ ಒತ್ತಿ, ನೀವಿ, ಕೀಲು ಆಡಿಸುವುದರಿಂದ ನಿಜಕ್ಕೂ ಕೆಲವರಿಗೆ ಆರಾಮ ಸಿಗುತ್ತದೆ. ಮೂರನೆಯದು, ಅನೇಕ ಕಾಯಿಲೆಗಳು ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆಗ ಕೊನೆಗೆ ಯಾರ ಬಳಿ ಹೋಗಿದ್ದೆವೋ ಅವರಿಗೇ ಕೀರ್ತಿ ಸಲ್ಲುತ್ತದೆ. ನಾಲ್ಕನೆಯದು, ಆತ ರೋಗಿಯನ್ನು ಮುಟ್ಟುತ್ತಿದ್ದ, ಮಾತು ಕೇಳುತ್ತಿದ್ದ, ಸಮಯ ಕೊಡುತ್ತಿದ್ದ.

ನಮ್ಮೂರುಗಳಲ್ಲಿ ಉಳುಕು ತೆಗೆಯುವವರ ಮನೆ ಮುಂದೆ, ಪುತ್ತೂರು ಕಟ್ಟು ಹಾಕುವವರ ಮುಂದೆ ಇಂದಿಗೂ ಜನ ನಿಲ್ಲುವುದಕ್ಕೆ ಇವುಗಳಲ್ಲಿ ಕೆಲವು ಕಾರಣಗಳೇ ಸಾಕು. ಜನ ಮೂರ್ಖರಲ್ಲ. ತಮಗೆ ಕಾಣುವ ಆಧಾರದ ಮೇಲೆ ತೀರ್ಮಾನ ಮಾಡುತ್ತಾರೆ. ಆದರೆ ಕಣ್ಣಿಗೆ ಕಾಣುವುದು ಗುಣವಾದವರು ಮಾತ್ರ. ಗುಣವಾಗದವರು ಬೇರೆ ಊರಿಗೆ ಹೋಗಿರುತ್ತಾರೆ.

ಶಾಲೆ, ಕಾನೂನು ಮತ್ತು ಮುದುಕನ ಹಟ

1892ರಲ್ಲಿ ಸ್ಟಿಲ್ ಕರ್ಕ್ಸ್‌ವಿಲ್‌ನಲ್ಲಿ ಅಮೆರಿಕನ್ ಸ್ಕೂಲ್ ಆಫ್ ಆಸ್ಟಿಯೋಪಥಿ ತೆರೆದ. ಮೊದಲ ತಂಡದಲ್ಲಿ ಸುಮಾರು 20 ವಿದ್ಯಾರ್ಥಿಗಳು. ಅವರಲ್ಲಿ ಹೆಂಗಸರೂ ಇದ್ದರು. ಅನೇಕ ವೈದ್ಯಕೀಯ ಕಾಲೇಜುಗಳು ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದ್ದ ದಿನಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಎಡಿನ್‌ಬರೋದಲ್ಲಿ ಓದಿದ್ದ ವಿಲಿಯಂ ಸ್ಮಿತ್ ಎಂಬ ವೈದ್ಯ ಅಂಗರಚನೆ ಕಲಿಸಿದ. ಎಂ.ಡಿ. ಪದವಿ ಕೊಡುವ ಅಧಿಕಾರ ಶಾಲೆಗೆ ಇತ್ತು, ಆದರೆ ಸ್ಟಿಲ್ ಅದನ್ನು ಬೇಡವೆಂದು ಡಿ.ಓ. ಎಂಬ ಬೇರೆಯ ಪದವಿಯನ್ನೇ ಕೊಟ್ಟ. ತನ್ನವರು ಬೇರೆ ಎಂದು ತೋರಿಸುವ ಹಟ ಅದು. ಇವತ್ತಿನ ಬೋರ್ಡಿನ ಗೊಂದಲ ಶುರುವಾದದ್ದು ಅಲ್ಲಿ.

ಕಾನೂನಿನ ಮಾನ್ಯತೆಯೂ ಬರತೊಡಗಿತು. 1896ರಲ್ಲಿ ವರ್ಮಾಂಟ್, 1897ರಲ್ಲಿ ಮಿಸ್ಸೌರಿ ಆಸ್ಟಿಯೋಪಥಿಗೆ ಅನುಮತಿ ಕೊಟ್ಟವು. 1901ರಲ್ಲಿ ನ್ಯೂಯಾರ್ಕ್ ರಾಜ್ಯದ ಶಾಸಕರ ಮುಂದೆ ಆಸ್ಟಿಯೋಪಥಿಯ ಪರವಾಗಿ ಮಾತಾಡಿದವನು ಸಾಹಿತಿ ಮಾರ್ಕ್ ಟ್ವೈನ್. ತನ್ನ ಶರೀರಕ್ಕೆ ಯಾರಿಂದ ಚಿಕಿತ್ಸೆ ಪಡೆಯಬೇಕೆಂದು ಆರಿಸುವ ಹಕ್ಕು ರೋಗಿಯದು ಎಂಬುದು ಆತನ ವಾದ.

ಇಷ್ಟರಲ್ಲಿ ವಿಜ್ಞಾನ ನಿಂತಿರಲಿಲ್ಲ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯಾ ತೋರಿಸಿದ್ದ. 1890ರ ದಶಕದಲ್ಲಿ ಡಿಫ್ತೀರಿಯಾಕ್ಕೆ ಪ್ರತಿವಿಷ ಬಂತು. ಔಷಧವೆಂದರೆ ಪಾದರಸ ಮಾತ್ರವಾಗಿದ್ದ ಕಾಲ ಮುಗಿಯುತ್ತಿತ್ತು. ಆದರೆ ಸ್ಟಿಲ್ ಬದಲಾಗಲಿಲ್ಲ. ಭೇದಿ, ನ್ಯುಮೋನಿಯಾಗಳಂಥ ಕಾಯಿಲೆಗಳನ್ನೂ ಕೈಯಿಂದಲೇ ಗುಣಪಡಿಸಬಹುದೆಂದು ಕೊನೆಯವರೆಗೂ ನಂಬಿದ. 1917ರ ಡಿಸೆಂಬರ್ 12ರಂದು, 89ನೆಯ ವಯಸ್ಸಿನಲ್ಲಿ ಕರ್ಕ್ಸ್‌ವಿಲ್‌ನಲ್ಲೇ ತೀರಿಕೊಂಡ.

ಇಲ್ಲೊಂದು ವಿಪರ್ಯಾಸವಿದೆ. ಸ್ಟಿಲ್‌ನ ಮಕ್ಕಳನ್ನು ಕೊಂದ ಮೆನಿಂಜೈಟಿಸ್‌ಗೆ ಆತ ಬದುಕಿರುವಾಗಲೇ ಮೊದಲ ಮದ್ದು ಸಿಕ್ಕಿತ್ತು. ರಾಕ್‌ಫೆಲರ್ ಸಂಸ್ಥೆಯ ಸೈಮನ್ ಫ್ಲೆಕ್ಸ್‌ನರ್ ಕುದುರೆಯ ರಕ್ತದಿಂದ ತಯಾರಿಸಿದ ಸೀರಂ, ಸಾವಿನ ಪ್ರಮಾಣವನ್ನು ಬಹಳ ಇಳಿಸಿತು. ಇದೇ ಸೈಮನ್‌ನ ತಮ್ಮ ಏಬ್ರಹಾಂ ಫ್ಲೆಕ್ಸ್‌ನರ್ 1910ರಲ್ಲಿ ಅಮೆರಿಕದ ವೈದ್ಯಕೀಯ ಕಾಲೇಜುಗಳ ಬಗ್ಗೆ ಹೆಸರಾಂತ ವರದಿ ಬರೆದ. ಅದರಲ್ಲಿ ಆಸ್ಟಿಯೋಪಥಿ ಶಾಲೆಗಳಿಗೆ ಪ್ರಯೋಗಾಲಯವಿಲ್ಲ, ಸರಿಯಾದ ಆಸ್ಪತ್ರೆಯಿಲ್ಲ, ಶುಲ್ಕದ ಮೇಲೆ ಮಾತ್ರ ಕಣ್ಣು ಎಂದು ಝಾಡಿಸಿದ. ಎಂ.ಡಿ. ಕೊಡುತ್ತಿದ್ದ ಅನೇಕ ಕಾಲೇಜುಗಳಿಗೂ ಅದೇ ಏಟು ಬಿತ್ತು.

ಗುರು ಬದಲಾಗಲಿಲ್ಲ, ಶಿಷ್ಯರು ಬದಲಾದರು

ಸ್ಟಿಲ್‌ನ ಜೊತೆಗೇ ಆಸ್ಟಿಯೋಪಥಿ ಸತ್ತುಹೋಗಬಹುದಿತ್ತು. ಹಾಗಾಗಲಿಲ್ಲ. 1920ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಆಸ್ಟಿಯೋಪಥಿ ಶಾಲೆಗಳು ಗುರು ಬೇಡವೆಂದಿದ್ದ ಔಷಧಶಾಸ್ತ್ರವನ್ನೇ ಪಾಠದೊಳಗೆ ಸೇರಿಸಿಕೊಂಡವು. ಆಮೇಲೆ ಸಲ್ಫಾ, ಪೆನಿಸಿಲಿನ್‌ಗಳು ಬಂದಾಗ ಡಿ.ಓ.ಗಳು ಅವನ್ನೂ ಬರೆದುಕೊಟ್ಟರು, ಶಸ್ತ್ರಚಿಕಿತ್ಸೆಯನ್ನೂ ಮಾಡಿದರು.

ಎರಡನೆಯ ಮಹಾಯುದ್ಧದಲ್ಲಿ ಸೇನೆ ಡಿ.ಓ.ಗಳನ್ನು ಡಾಕ್ಟರುಗಳೆಂದು ಒಪ್ಪಲಿಲ್ಲ. ಅದೇ ಅವರಿಗೆ ಅನುಕೂಲವಾಯಿತು. ಎಂ.ಡಿ.ಗಳು ಯುದ್ಧಕ್ಕೆ ಹೋದಾಗ ಊರಿನಲ್ಲಿ ಉಳಿದವರು ಇವರೇ. ಬೇರೆ ದಾರಿಯಿಲ್ಲದೆ ಇವರ ಬಳಿ ಬಂದ ರೋಗಿಗಳು ಯುದ್ಧ ಮುಗಿದ ಮೇಲೂ ಇವರನ್ನೇ ಹಿಡಿದುಕೊಂಡರು.

ಅತ್ತ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಆಸ್ಟಿಯೋಪಥಿಯನ್ನು ಒಂದು ಪಂಥವೆಂದು ಕರೆದು, 1960ರ ದಶಕದ ಆರಂಭದವರೆಗೂ ಎಂ.ಡಿ.ಗಳು ಇವರ ಜೊತೆ ಕೆಲಸ ಮಾಡಬಾರದೆಂದು ಹೇಳುತ್ತಿತ್ತು. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ತಮಾಷೆ ನಡೆಯಿತು. ಎರಡೂ ಸಂಘಗಳು ಒಪ್ಪಂದ ಮಾಡಿಕೊಂಡು, 65 ಡಾಲರ್ ಶುಲ್ಕ ಕಟ್ಟಿದ ಸುಮಾರು 2,000 ಡಿ.ಓ.ಗಳಿಗೆ ಎಂ.ಡಿ. ಪದವಿ ಕೊಟ್ಟವು. ನಿನ್ನೆಯವರೆಗೆ ಪಂಥದವರಾಗಿದ್ದವರು ಇಂದು ಡಾಕ್ಟರಾದರು ಎಂದರೆ, ವ್ಯತ್ಯಾಸ ಕಾಗದದಲ್ಲೇ ಇತ್ತು ಎಂದಾಯಿತು. 1960ರ ದಶಕದಲ್ಲಿ ಸೇನೆಯೂ, ಕೊನೆಗೆ ಮೆಡಿಕಲ್ ಅಸೋಸಿಯೇಷನ್ ಕೂಡ ಅವರನ್ನು ಒಳಗೆ ಬಿಟ್ಟುಕೊಂಡವು. 1973ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಪೂರ್ಣ ಪರವಾನಗಿ ಸಿಕ್ಕಿತು.

ಹಾಗಾದರೆ ಇಂದು ಏನು ವ್ಯತ್ಯಾಸ?

ಮೊದಲು ಒಂದು ಸ್ಪಷ್ಟನೆ. ಅಮೆರಿಕದ ಎಂ.ಡಿ. ನಮ್ಮ ಎಂ.ಡಿ.ಯಂತೆ ಸ್ನಾತಕೋತ್ತರ ಪದವಿಯಲ್ಲ. ಅದು ನಮ್ಮ ಎಂ.ಬಿ.ಬಿ.ಎಸ್.ನ ಜಾಗದಲ್ಲಿರುವ ಮೂಲ ಪದವಿ. ಡಿ.ಓ. ಕೂಡ ಅಲ್ಲಿ ಅದೇ ಮಟ್ಟದ ಪದವಿ. ಇಬ್ಬರೂ ನಾಲ್ಕು ವರ್ಷ ವೈದ್ಯಕೀಯ ಓದುತ್ತಾರೆ. ಡಿ.ಓ.ಗಳು ಅದರ ಜೊತೆ ಸುಮಾರು 200 ಗಂಟೆ ಕೈಚಿಕಿತ್ಸೆ ಕಲಿಯುತ್ತಾರೆ. ಬಳಿಕದ ತರಬೇತಿ 2020ರಿಂದ ಇಬ್ಬರಿಗೂ ಒಂದೇ ವ್ಯವಸ್ಥೆಯಡಿ ನಡೆಯುತ್ತಿದೆ. ಹೃದಯ ತಜ್ಞರು, ಅರಿವಳಿಕೆ ತಜ್ಞರು, ಶಸ್ತ್ರಚಿಕಿತ್ಸಕರು, ಎಲ್ಲರಲ್ಲೂ ಡಿ.ಓ.ಗಳಿದ್ದಾರೆ. ಈಗ ಅಲ್ಲಿನ ವೈದ್ಯ ವಿದ್ಯಾರ್ಥಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಡಿ.ಓ. ಓದುತ್ತಿರುವವರು. ಅವರಲ್ಲಿ ಹೆಚ್ಚಿನವರು ಡಾಕ್ಟರಾದ ಮೇಲೆ ಕೈಚಿಕಿತ್ಸೆಯನ್ನು ಬಳಸುವುದು ಅಪರೂಪ.

ಫಲಿತಾಂಶ? 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಆಸ್ಪತ್ರೆಗೆ ದಾಖಲಾದ ವಯಸ್ಸಾದವರ 3 ಲಕ್ಷಕ್ಕೂ ಹೆಚ್ಚು ಪ್ರಕರಣಗಳನ್ನು ನೋಡಿತು. 30 ದಿನಗಳೊಳಗೆ ಸತ್ತವರು ಎಂ.ಡಿ.ಗಳ ಕೈಯಲ್ಲಿ ಶೇ. 9.4, ಡಿ.ಓ.ಗಳ ಕೈಯಲ್ಲಿ ಶೇ. 9.5. ಮತ್ತೆ ದಾಖಲಾಗಬೇಕಾಗಿ ಬಂದವರ ಪ್ರಮಾಣ, ಆದ ಖರ್ಚು, ಆಸ್ಪತ್ರೆಯಲ್ಲಿದ್ದ ದಿನಗಳು, ಎಲ್ಲವೂ ಹೆಚ್ಚುಕಡಿಮೆ ಒಂದೇ.

ಕೈಚಿಕಿತ್ಸೆಯ ವಿಷಯ ಬೇರೆ. 1999ರಲ್ಲಿ 155 ಸೊಂಟನೋವಿನ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಕೈಚಿಕಿತ್ಸೆ ಪಡೆದವರೂ ಮಾಮೂಲಿ ಚಿಕಿತ್ಸೆ ಪಡೆದವರೂ ಒಂದೇ ಸಮ ಸುಧಾರಿಸಿದರು. ಆದರೆ ಮೊದಲಿನವರಿಗೆ ಕಡಿಮೆ ಔಷಧ ಸಾಕಾಯಿತು. 2021ರಲ್ಲಿ ಫ್ರಾನ್ಸ್‌ನಲ್ಲಿ 400 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ನಿಜವಾದ ಕೈಚಿಕಿತ್ಸೆಗೂ ಸುಮ್ಮನೆ ಮುಟ್ಟಿದ್ದಕ್ಕೂ ಇದ್ದ ವ್ಯತ್ಯಾಸ ತೀರಾ ಚಿಕ್ಕದು. ಅಂದರೆ ಬೆನ್ನುನೋವಿಗೆ ಅದು ಅಲ್ಪಸ್ವಲ್ಪ ನೆರವಾಗಬಹುದು, ಅಷ್ಟೇ. ತಲೆಬುರುಡೆಯ ಮೂಳೆಗಳನ್ನು ಮೆಲ್ಲಗೆ ಒತ್ತಿ ಕಾಯಿಲೆ ಗುಣಪಡಿಸುತ್ತೇವೆ ಎನ್ನುವ ಶಾಖೆಗೆ ನಂಬಬಹುದಾದ ಆಧಾರವಿಲ್ಲ. ಮಧುಮೇಹ, ಬಿ.ಪಿ., ಸೋಂಕು, ಕ್ಯಾನ್ಸರ್‌ಗಳನ್ನು ಬೆನ್ನುಮೂಳೆ ಒತ್ತಿ ವಾಸಿ ಮಾಡುವುದು ಸಾಧ್ಯವಿಲ್ಲ.

ಆರಿಸುವ ಮುನ್ನ ಗಮನಿಸಿ

• ದೇಶ ಯಾವುದು ನೋಡಿ. ಅಮೆರಿಕದಲ್ಲಿ ಓದಿದ ಡಿ.ಓ. ಪೂರ್ಣ ಪ್ರಮಾಣದ ಡಾಕ್ಟರ್. ಬ್ರಿಟನ್‌ನಲ್ಲಿ ಆಸ್ಟಿಯೋಪಾತ್ ಎಂದರೆ 1993ರ ಕಾಯಿದೆಯಡಿ ನೋಂದಾಯಿತ ಕೈಚಿಕಿತ್ಸಕ. ಆತ ಔಷಧ ಬರೆಯುವ ಡಾಕ್ಟರಲ್ಲ. ಹೆಸರು ಒಂದೇ, ಕೆಲಸ ಬೇರೆ.

• ಆಸ್ಟಿಯೋಪಥಿ ಬೇರೆ, ಆರ್ಥೋಪೆಡಿಕ್ಸ್ ಬೇರೆ. ನಮ್ಮ ಆಸ್ಪತ್ರೆಗಳ ಮೂಳೆ ಡಾಕ್ಟರು ಆರ್ಥೋಪೆಡಿಕ್ ತಜ್ಞರು. ಮೂಳೆ ಮುರಿದರೆ ಹೋಗಬೇಕಾದದ್ದು ಅವರ ಬಳಿಗೆ. ಭಾರತದಲ್ಲಿ ಆಸ್ಟಿಯೋಪಾತ್ ಎಂದು ಬೋರ್ಡು ಹಾಕಿಕೊಂಡವರ ಮೂಲ ಓದು ಏನು ಎಂದು ಕೇಳಿ.

• ಅಮೆರಿಕದಲ್ಲಿ ಎಂ.ಡಿ.ಯೋ ಡಿ.ಓ.ಯೋ ಎನ್ನುವುದಕ್ಕಿಂತ, ಯಾವ ವಿಭಾಗದ ತರಬೇತಿ, ವಿಮೆ ಒಪ್ಪುತ್ತಾರೆಯೇ, ಯಾವಾಗ ಸಿಗುತ್ತಾರೆ, ಮಾತು ಕೇಳುತ್ತಾರೆಯೇ ಎಂಬುದು ಮುಖ್ಯ.

• ಸೊಂಟನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲಿನಲ್ಲಿ ಬಲ ಕಡಿಮೆಯಾಗುವುದು, ತೊಡೆಸಂದಿನಲ್ಲಿ ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು ಕಂಡರೆ ಒತ್ತಿಸಿಕೊಳ್ಳಲು ಹೋಗಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

• ಮೂಳೆ ಟೊಳ್ಳಾದವರು, ಕ್ಯಾನ್ಸರ್ ಇದ್ದವರು, ಬಿದ್ದು ಪೆಟ್ಟು ಮಾಡಿಕೊಂಡವರು ಬೆನ್ನು ಮುರಿಸಿಕೊಳ್ಳುವ ಚಿಕಿತ್ಸೆಯಿಂದ ದೂರವಿರಿ. ಕತ್ತನ್ನು ಜೋರಾಗಿ ತಿರುಗಿಸುವುದರಿಂದ ಅಪರೂಪಕ್ಕೆ ರಕ್ತನಾಳ ಹರಿದು ಪಾರ್ಶ್ವವಾಯು ಆಗಿರುವುದುಂಟು.

ಮಗಳ ಮನೆಯಲ್ಲಿ ಸೊಂಟ ಹಿಡಿದು ಕೂತಿರುವ ಅಪ್ಪ ಆ ಡಿ.ಓ. ಬಳಿ ಧೈರ್ಯವಾಗಿ ಹೋಗಬಹುದು. ಅಲ್ಲಿ ಆತನನ್ನು ನೋಡುವುದು ಸ್ಟಿಲ್‌ನ ಸಿದ್ಧಾಂತವಲ್ಲ, ಇಂದಿನ ವೈದ್ಯಕೀಯ. ತನ್ನ ಕಾಲದ ಔಷಧಗಳ ಬಗ್ಗೆ ಸ್ಟಿಲ್ ಎತ್ತಿದ ಪ್ರಶ್ನೆ ಸರಿಯಾಗಿತ್ತು, ಕಂಡುಕೊಂಡ ಉತ್ತರ ತಪ್ಪಾಗಿತ್ತು. ಆತ ಕಟ್ಟಿದ ಶಾಲೆ ಉಳಿದದ್ದು, ಆ ಉತ್ತರವನ್ನು ಬಿಟ್ಟುಕೊಡಲು ಶಿಷ್ಯರು ಒಪ್ಪಿದ್ದರಿಂದ.